‘60 ದಿನದಲ್ಲಿ ಗೂಗಲ್‌ನಲ್ಲಿ ನಂಬರ್ 1’ ಅಂತಾರೆ, ನಂಬಬಹುದಾ?

ಪ್ರಶ್ನೆ: ಸಕಲೇಶಪುರದ ಹತ್ತಿರ ನಮ್ಮ ಕಾಫಿ ತೋಟದಲ್ಲೇ ನಾಲ್ಕು ಕೋಣೆಯ ಹೋಂಸ್ಟೇ ನಡೆಸುತ್ತಿದ್ದೇವೆ. ಒಂದು ಕೋಣೆಗೆ ರಾತ್ರಿಗೆ 3,500 ರೂಪಾಯಿ. ಶುಕ್ರವಾರ, ಶನಿವಾರ ಹೆಚ್ಚುಕಡಿಮೆ ತುಂಬಿರುತ್ತದೆ. ವಾರದ ನಡುವೆ ಖಾಲಿ. ಬುಕಿಂಗ್ ಬಹುಪಾಲು ದೊಡ್ಡ ಬುಕಿಂಗ್ ಸೈಟುಗಳಿಂದ ಬರುತ್ತದೆ, ಅವರಿಗೆ ಶೇ 18 ಕಮಿಷನ್ ಹೋಗುತ್ತದೆ. ನಮ್ಮದೇ ವೆಬ್‌ಸೈಟ್ ಇದೆ, ಅದನ್ನು ನೋಡಿ ಯಾರೂ ಬರುವುದಿಲ್ಲ. ಎಸ್‌ಇಒ, ಅಂದರೆ ಗೂಗಲ್ ಹುಡುಕಾಟದಲ್ಲಿ ಸೈಟು ಮೇಲೆ ಬರುವ ಹಾಗೆ ಮಾಡುವ ಕೆಲಸ, ಮಾಡಿಸೋಣ ಎಂದು ಇಬ್ಬರನ್ನು ಕೇಳಿದೆ. ಒಬ್ಬರು ‘60 ದಿನದಲ್ಲಿ ನಂಬರ್ 1, ಗ್ಯಾರಂಟಿ, ಇಲ್ಲದಿದ್ದರೆ ಹಣ ವಾಪಸ್’ ಅಂದರು. ತಿಂಗಳಿಗೆ 15,000. ಇನ್ನೊಬ್ಬರು ‘ಗ್ಯಾರಂಟಿ ಕೊಡಲ್ಲ, ಕನಿಷ್ಠ ಆರು ತಿಂಗಳು ಬೇಕು’ ಅಂದರು. ತಿಂಗಳಿಗೆ 20,000. ಮೊದಲನೆಯವರಿಗೆ 5,000 ಮುಂಗಡ ಕೊಟ್ಟು ವೆಬ್‌ಸೈಟಿನ ಪಾಸ್‌ವರ್ಡನ್ನೂ ಕೊಟ್ಟುಬಿಟ್ಟಿದ್ದೇನೆ. ಈಗ ಅನುಮಾನ ಶುರುವಾಗಿದೆ. ಯಾರಿಗೆ ಕೆಲಸ ಕೊಡಲಿ?

ಉತ್ತರ: ಮೊದಲನೆಯವರು ಬೇಡ. ಎರಡನೆಯವರು ಪ್ರಾಮಾಣಿಕರ ಥರ ಕಾಣುತ್ತಾರೆ. ಆದರೆ ಅವರಿಗೂ ತಿಂಗಳು ತಿಂಗಳು 20,000 ಕೊಡುವ ಮೊದಲು ಒಂದು ಲೆಕ್ಕ ಹಾಕಬೇಕು. ನಾನೂ ಇದೇ ಕೆಲಸ ಮಾಡಿ ಬದುಕುವವನು, ಆದ್ದರಿಂದ ನನ್ನ ಮಾತನ್ನೂ ಸ್ವಲ್ಪ ಅನುಮಾನದಿಂದಲೇ ಓದಿ.

ಲೆಕ್ಕದಿಂದಲೇ ಶುರು ಮಾಡೋಣ. ಬುಕಿಂಗ್ ಸೈಟಿನಲ್ಲಿ ಬರುವ ಗಿರಾಕಿ ನೇರವಾಗಿ ನಿಮ್ಮ ವೆಬ್‌ಸೈಟಿಗೆ ಬಂದರೆ ಒಂದು ಕೋಣೆಗೆ ಒಂದು ರಾತ್ರಿಗೆ ನಿಮಗೆ ಉಳಿಯುವುದು 3,500ರ ಶೇ 18, ಅಂದರೆ 630 ರೂಪಾಯಿ. 20,000ದ ಫೀಸು ಬರೀ ಈ ಉಳಿತಾಯದಿಂದ ಹುಟ್ಟಬೇಕು ಅಂದರೆ ತಿಂಗಳಿಗೆ 32 ಕೋಣೆ-ರಾತ್ರಿ ನೇರ ಬುಕಿಂಗ್ ಆಗಬೇಕು. ನಾಲ್ಕು ಕೋಣೆ, ನಾಲ್ಕು ವಾರ, ಶುಕ್ರವಾರ ಮತ್ತು ಶನಿವಾರ: ಎಷ್ಟಾಯಿತು? ಸರಿಯಾಗಿ 32. ಅಂದರೆ ನಿಮ್ಮ ವಾರಾಂತ್ಯದ ಒಬ್ಬೊಬ್ಬ ಗಿರಾಕಿಯೂ ಬುಕಿಂಗ್ ಸೈಟು ಬಿಟ್ಟು ನಿಮ್ಮ ಕಡೆ ಬಂದರೆ ಆಗ ಫೀಸು ಹುಟ್ಟುತ್ತದೆ, ಲಾಭ ಸೊನ್ನೆ. ಫೀಸಿಗೆ ಜಿಎಸ್‌ಟಿ ಸೇರಿದರೆ ನಷ್ಟ.

ಈಗ ಇನ್ನೊಂದು ಕಡೆಯಿಂದ ನೋಡಿ. ವಾರದ ನಡುವೆ, ಭಾನುವಾರದಿಂದ ಗುರುವಾರದವರೆಗೆ, ನಾಲ್ಕು ವಾರಕ್ಕೆ 80 ಕೋಣೆ-ರಾತ್ರಿ ಸುಮ್ನೆ ಖಾಲಿ ಇರುತ್ತವೆ. ಅದರಲ್ಲಿ ಒಂದು ತುಂಬಿದರೆ ಊಟ, ಬಟ್ಟೆ ಒಗೆತ, ಕೆಲಸದವರ ಕೂಲಿ ಎಲ್ಲ ಕಳೆದು 2,000 ಉಳಿಯುತ್ತದೆ ಎಂದುಕೊಳ್ಳಿ. ಹತ್ತು ತುಂಬಿದರೆ ಫೀಸು ಬಂತು. 80ರಲ್ಲಿ 10. ಇದು ಆಗಬಹುದಾದ ಮಾತು.

ಹಾಗಾದರೆ ನಿಮಗೆ ಬೇಕಿರುವುದು ‘ನಂಬರ್ 1’ ಅಲ್ಲ, ಮಂಗಳವಾರ ಬಂದು ಉಳಿಯುವವರು. ಇಬ್ಬರು ಏಜೆನ್ಸಿಯವರಲ್ಲಿ ಯಾರಾದರೂ ನಿಮ್ಮ ಯಾವ ದಿನ ಖಾಲಿ ಇರುತ್ತದೆ ಎಂದು ಕೇಳಿದರಾ? ಕೇಳಿರದಿದ್ದರೆ ಅದೇ ನನ್ನ ಮೊದಲ ಅನುಮಾನ. ನಿಮ್ಮ ವ್ಯವಹಾರ ಹೇಗೆ ನಡೆಯುತ್ತದೆ, ಗಿರಾಕಿ ಯಾರು, ಹಣ ಎಲ್ಲಿಂದ ಬರುತ್ತದೆ ಎಂದು ಮೊದಲ ಭೇಟಿಯಲ್ಲೇ ತಲೆ ತಿನ್ನುವಷ್ಟು ಕೇಳುವವರು ಸಾಮಾನ್ಯವಾಗಿ ಒಳ್ಳೆಯ ಎಸ್‌ಇಒ. ಏನೂ ಕೇಳದೆ ಪ್ಯಾಕೇಜ್ ಕಳಿಸುವವರು ಎಲ್ಲರಿಗೂ ಅದನ್ನೇ ಕಳಿಸುತ್ತಾರೆ.

ಇನ್ನು ಗ್ಯಾರಂಟಿಯ ವಿಷಯ. ಗೂಗಲ್ ತನ್ನದೇ ಮಾರ್ಗದರ್ಶಿಯಲ್ಲಿ ಸ್ಪಷ್ಟವಾಗಿ ಬರೆದಿದೆ: ಗೂಗಲ್‌ನಲ್ಲಿ ಮೊದಲ ಸ್ಥಾನ ಕೊಡಿಸುತ್ತೇನೆ ಎಂದು ಯಾರೂ ಗ್ಯಾರಂಟಿ ಕೊಡಲಾರರು. ಜಾಹೀರಾತಿಗೆ ಹಣ ಕೊಡಬಹುದು, ಅದು ‘ಪ್ರಾಯೋಜಿತ’ ಎಂಬ ಗುರುತಿನ ಜೊತೆ ಕಾಣುತ್ತದೆ. ಅದರ ಕೆಳಗಿನ ಸಹಜ ಫಲಿತಾಂಶದಲ್ಲಿ ಮೇಲೆ ಬರಲು ಗೂಗಲ್ ಯಾರಿಂದಲೂ ಹಣ ತೆಗೆದುಕೊಳ್ಳುವುದಿಲ್ಲ. ‘ನಮಗೆ ಗೂಗಲ್ ಒಳಗೆ ಜನ ಗೊತ್ತು’ ಅನ್ನುವವರು ಸುಳ್ಳು ಹೇಳುತ್ತಿದ್ದಾರೆ. ‘ನಾವು ಗೂಗಲ್ ಪಾರ್ಟ್ನರ್’ ಎನ್ನುವ ಬ್ಯಾಡ್ಜ್ ನಿಜವೇ ಇರಬಹುದು, ಆದರೆ ಅದು ಗೂಗಲ್ ಜಾಹೀರಾತು ನಡೆಸುವುದಕ್ಕೆ ಸಂಬಂಧಪಟ್ಟದ್ದು. ಹುಡುಕಾಟದ ರ‍್ಯಾಂಕಿಗೂ ಅದಕ್ಕೂ ಸಂಬಂಧವಿಲ್ಲ.

ಹಾಗಿದ್ದೂ ಇವರು ಧೈರ್ಯವಾಗಿ ಗ್ಯಾರಂಟಿ ಕೊಡುತ್ತಾರಲ್ಲ, ಹೇಗೆ? ಕೆಲವು ದಾರಿಗಳಿವೆ.

ಎಲ್ಲಕ್ಕಿಂತ ಸುಲಭದ್ದು ಯಾರೂ ಹುಡುಕದ ಕೀವರ್ಡ್, ಅಂದರೆ ಹುಡುಕಲು ಟೈಪ್ ಮಾಡುವ ಪದ, ಆರಿಸುವುದು. ನಿಮ್ಮ ಹೋಂಸ್ಟೇ ಹೆಸರನ್ನೇ ಟೈಪ್ ಮಾಡಿದರೆ ನೀವು ಮೇಲೆ ಬರುತ್ತೀರಿ, ಅದಕ್ಕೆ ಯಾರ ಸಹಾಯವೂ ಬೇಡ. ‘ಸಕಲೇಶಪುರ ಹತ್ತಿರ ನಾಲ್ಕು ಕೋಣೆಯ ಕಾಫಿ ತೋಟದ ಫ್ಯಾಮಿಲಿ ಹೋಂಸ್ಟೇ’ ಎಂದು ಉದ್ದ ವಾಕ್ಯ ಮಾಡಿದರೂ ಬರುತ್ತೀರಿ. ಹಾಗೆ ಹುಡುಕುವವರು ಮಾತ್ರ ಇರುವುದಿಲ್ಲ. ಒಪ್ಪಂದದಲ್ಲಿ ‘ಒಪ್ಪಿದ ಹತ್ತು ಕೀವರ್ಡ್‌ಗಳಿಗೆ’ ಎಂದು ಬರೆದಿರುತ್ತದೆ. ಆ ಹತ್ತನ್ನು ಆರಿಸುವವರು ಅವರೇ. 60 ದಿನದ ನಂತರ ಸ್ಕ್ರೀನ್‌ಶಾಟ್ ಬರುತ್ತದೆ, ಗ್ಯಾರಂಟಿ ಪೂರೈಸಿದ ಹಾಗಾಯಿತು, ಹಣ ವಾಪಸ್ ಕೇಳುವ ಹಾಗಿಲ್ಲ.

ಎರಡನೆಯದು, ಫೋನ್ ಹಿಡಿದು ತೋರಿಸುವುದು. ನೀವು ಸಕಲೇಶಪುರದಲ್ಲಿ ಕೂತು ‘ಹತ್ತಿರದ ಹೋಂಸ್ಟೇ’ ಎಂದು ಹುಡುಕಿದರೆ ನಿಮ್ಮದು ಮೇಲೆ ಕಾಣಬಹುದು, ಏಕೆಂದರೆ ನೀವು ಅಲ್ಲೇ ಇದ್ದೀರಿ. ಗೂಗಲ್ ಜಾಗ ನೋಡಿ ಫಲಿತಾಂಶ ಬದಲಿಸುತ್ತದೆ. ಆದರೆ ನಿಮ್ಮ ಗಿರಾಕಿ ಬೆಂಗಳೂರಿನ ಮಾರತ್ತಹಳ್ಳಿಯಲ್ಲಿ ಕೂತು ಹುಡುಕುತ್ತಾನೆ, ಅಲ್ವಾ? ಅವನಿಗೆ ಏನು ಕಾಣುತ್ತದೆ ಅನ್ನುವುದೇ ಮುಖ್ಯ.

ಮೂರನೆಯದು ನಿಜವಾಗಿ ಅಪಾಯದ್ದು. ದುಡ್ಡು ಕೊಟ್ಟು ನೂರಾರು ಕಸದ ಸೈಟುಗಳಿಂದ ನಿಮ್ಮ ಸೈಟಿಗೆ ಲಿಂಕ್ ಹಾಕಿಸುತ್ತಾರೆ. ಗೂಗಲ್ ಮೊದಲಿನಿಂದಲೂ ಲಿಂಕುಗಳನ್ನು ಶಿಫಾರಸಿನ ಥರ ಲೆಕ್ಕಕ್ಕೆ ತೆಗೆದುಕೊಳ್ಳುವುದರಿಂದ ಈ ಆಟ ಹುಟ್ಟಿತು. ಸ್ವಲ್ಪ ದಿನ ಮೇಲೆ ಹೋಗಲೂಬಹುದು. ಆಮೇಲೆ ಬೀಳುತ್ತದೆ. ಇದು ಸಣ್ಣವರಿಗೆ ಮಾತ್ರ ಆಗುವುದಲ್ಲ. ಜೆ.ಸಿ. ಪೆನ್ನಿ ಅಮೆರಿಕದ ದೊಡ್ಡ ಚಿಲ್ಲರೆ ಮಾರಾಟ ಕಂಪನಿ. ಸಂಬಂಧವೇ ಇಲ್ಲದ ಸಾವಿರಾರು ಪುಟಗಳಿಂದ ಅದಕ್ಕೆ ಲಿಂಕ್ ಹಾಕಿಸಿದ್ದನ್ನು 2011ರ ಫೆಬ್ರವರಿಯಲ್ಲಿ ನ್ಯೂಯಾರ್ಕ್ ಟೈಮ್ಸ್ ಬಯಲು ಮಾಡಿತು. ಗೂಗಲ್ ಕ್ರಮ ತೆಗೆದುಕೊಂಡ ದಿನ, ಒಂದು ಬಗೆಯ ಸೂಟ್‌ಕೇಸ್ ಹುಡುಕಾಟದಲ್ಲಿ ಆ ಕಂಪನಿ ಎರಡೇ ಗಂಟೆಯಲ್ಲಿ 1ನೇ ಸ್ಥಾನದಿಂದ 71ಕ್ಕೆ ಇಳಿಯಿತು. ಕಂಪನಿ ‘ನಮಗೆ ಗೊತ್ತಿಲ್ಲ’ ಎಂದು ಹೇಳಿ ತನ್ನ ಎಸ್‌ಇಒ ಸಂಸ್ಥೆಯನ್ನು ತೆಗೆದುಹಾಕಿತು. ಅದಕ್ಕೂ ಮೊದಲು, 2006ರಲ್ಲಿ, ಬಿಎಂಡಬ್ಲ್ಯು ಕಂಪನಿಯ ಜರ್ಮನ್ ಸೈಟ್ ಸರ್ಚ್ ಎಂಜಿನ್‌ಗೆ ಒಂದು, ಜನಕ್ಕೆ ಒಂದು ಪುಟ ತೋರಿಸಿದ್ದಕ್ಕೆ ಗೂಗಲ್ ಅದನ್ನು ಹುಡುಕಾಟದಿಂದಲೇ ಕೆಲವು ದಿನ ತೆಗೆದುಬಿಟ್ಟಿತ್ತು. ದೊಡ್ಡವರು ವಾಪಸ್ ಬಂದರು. ಅವರ ಹತ್ತಿರ ತಂಡ ಇತ್ತು, ದುಡ್ಡಿತ್ತು, ಹೆಸರಿತ್ತು. ನಿಮ್ಮ ಡೊಮೇನಿಗೆ (ಸೈಟಿನ ವಿಳಾಸಕ್ಕೆ) ಹಾಗಾದರೆ ಏಜೆನ್ಸಿಯವರು ಫೋನ್ ಎತ್ತುವುದಿಲ್ಲ. ಶಿಕ್ಷೆ ಸೈಟಿಗೆ ಆಗುತ್ತದೆ, ಸೈಟು ನಿಮ್ಮದು.

ಇನ್ನೂ ಸಣ್ಣಪುಟ್ಟವು ಇವೆ. ‘ಸಾವಿರ ಸರ್ಚ್ ಎಂಜಿನ್‌ಗಳಿಗೆ ಸಬ್ಮಿಟ್ ಮಾಡ್ತೀವಿ’ ಅನ್ನುವುದು ಶುದ್ಧ ತಮಾಷೆ. ‘ಮೆಟಾ ಕೀವರ್ಡ್ಸ್ ಹಾಕ್ತೀವಿ’, ಅಂದರೆ ಓದುಗರಿಗೆ ಕಾಣದ ಹಾಗೆ ಪುಟದ ಕೋಡ್‌ನಲ್ಲಿ ಪದಗಳ ಪಟ್ಟಿ ಹಾಕ್ತೀವಿ, ಎಂದು ಈಗಲೂ ಕೊಟೇಶನ್‌ನಲ್ಲಿ ಬರೆಯುವವರಿದ್ದಾರೆ. ರ‍್ಯಾಂಕಿಗೆ ಅದನ್ನು ಬಳಸುವುದಿಲ್ಲ ಎಂದು ಗೂಗಲ್ 2009ರಲ್ಲೇ ಹೇಳಿಯಾಗಿದೆ. ‘ಡೊಮೇನ್ ಅಥಾರಿಟಿ 10ರಿಂದ 30ಕ್ಕೆ ಏರಿಸ್ತೀವಿ’ ಅಂದರೆ, ಅದು ಮೋಜ್ ಎಂಬ ಖಾಸಗಿ ಕಂಪನಿಯ ಅಂದಾಜು ಅಂಕಿ. ಗೂಗಲ್ ಅದನ್ನು ನೋಡುವುದಿಲ್ಲ, ನಿಮ್ಮ ಬ್ಯಾಂಕೂ ನೋಡುವುದಿಲ್ಲ.

ಎರಡನೆಯವರು ಹೇಳಿದ ಆರು ತಿಂಗಳ ಮಾತು ಸರಿಯೇ. ಕೆಲಸ ಮಾಡಿ ಫಲ ಕಾಣಲು ಸಾಮಾನ್ಯವಾಗಿ ನಾಲ್ಕು ತಿಂಗಳಿಂದ ಒಂದು ವರ್ಷ ಬೇಕು ಎಂದು ಗೂಗಲ್‌ನವರೇ ಹೇಳಿದ್ದಾರೆ. ಕಾಫಿ ಗಿಡ ನೆಟ್ಟ ವರ್ಷವೇ ಕೊಯ್ಲಿಗೆ ಬರುತ್ತದೆ ಎಂದು ನರ್ಸರಿಯವನು ಹೇಳಿದರೆ ನೀವು ನಂಬುತ್ತೀರಾ? ಆದರೆ ‘ಟೈಮ್ ಬೇಕು’ ಅನ್ನುವುದೂ ಒಂದು ನೆಪ ಆಗಬಹುದು, ಇದನ್ನು ಮರೆಯಬೇಡಿ. ಆರು ತಿಂಗಳು ಫಲಕ್ಕೆ ಬೇಕು, ಕೆಲಸಕ್ಕಲ್ಲ. ಕೆಲಸ ಮೊದಲ ತಿಂಗಳಿಂದಲೇ ಕಣ್ಣಿಗೆ ಕಾಣಬೇಕು: ಯಾವ ಪುಟ ಬದಲಾಯಿತು, ಏಕೆ ಬದಲಾಯಿತು, ಯಾವ ಹೊಸ ಪುಟ ಬಂತು, ಮೊಬೈಲಿನಲ್ಲಿ ಸೈಟು ಬೇಗ ತೆರೆಯುವ ಹಾಗೆ ಏನು ಮಾಡಿದರು. ರ‍್ಯಾಂಕಿಗೆ ಗ್ಯಾರಂಟಿ ಕೇಳಬೇಡಿ, ಕೆಲಸಕ್ಕೆ ಕೇಳಿ. ಅದನ್ನು ಕೊಡಲು ಪ್ರಾಮಾಣಿಕರು ಹಿಂದೆಮುಂದೆ ನೋಡುವುದಿಲ್ಲ.

ಈಗ ಏನು ಆಗಬಹುದು, ಏನು ಆಗಲಾರದು ಎನ್ನುವುದಕ್ಕೆ ಬರುತ್ತೇನೆ. ‘ಹೋಂಸ್ಟೇ ಇನ್ ಸಕಲೇಶಪುರ’ ಎಂದು ಇಂಗ್ಲಿಷಿನಲ್ಲಿ ಹುಡುಕಿ ನೋಡಿ. ಮೇಲೆ ಜಾಹೀರಾತು, ಆಮೇಲೆ ಮ್ಯಾಪ್, ಆಮೇಲೆ ಮೇಕ್‌ಮೈಟ್ರಿಪ್, ಬುಕಿಂಗ್ ಡಾಟ್ ಕಾಮ್, ಏರ್‌ಬಿಎನ್‌ಬಿ ಥರದವರು. ಅಲ್ಲಿ ಜನ ಹುಡುಕುವುದು ಒಂದು ಪಟ್ಟಿಯನ್ನು, ಹೋಲಿಸಿ ನೋಡಲು. ನಾಲ್ಕು ಕೋಣೆಯ ಒಂದು ಸೈಟು ಆ ಪಟ್ಟಿಯ ಬದಲಿಗೆ ಬರುವುದು ಕಷ್ಟ. ಅದು ನಿಮ್ಮ ಎಸ್‌ಇಒನ ದೌರ್ಬಲ್ಯವಲ್ಲ. ಆ ಮಾತಿಗೆ ನಂಬರ್ 1 ಮಾಡಿಕೊಡುತ್ತೇನೆ ಅನ್ನುವವನು ಒಂದೋ ಹುಡುಕಿ ನೋಡಿಲ್ಲ, ಇಲ್ಲ ನೋಡಿಯೂ ಹೇಳುತ್ತಿದ್ದಾನೆ.

ನಿಮಗೆ ಎರಡು ಬಾಗಿಲು ತೆರೆದಿವೆ. ಒಂದು ಮ್ಯಾಪ್. ಇನ್ನೊಂದು ಪ್ರಶ್ನೆಗಳು.

ಮ್ಯಾಪಿಗೆ ಗೂಗಲ್ ಬಿಸಿನೆಸ್ ಪ್ರೊಫೈಲ್, ಅಂದರೆ ಗೂಗಲ್‌ನಲ್ಲಿ ನಿಮ್ಮ ಹೋಂಸ್ಟೇಯ ವಿವರದ ಪುಟ, ಬೇಕು, ಅದು ಉಚಿತ. ಅಲ್ಲಿ ಗೂಗಲ್ ಮೂರು ವಿಷಯ ನೋಡುತ್ತದೆ: ಹುಡುಕಿದ್ದಕ್ಕೂ ನಿಮಗೂ ಎಷ್ಟು ಹೊಂದುತ್ತದೆ, ಎಷ್ಟು ದೂರ ಇದ್ದೀರಿ, ಎಷ್ಟು ಹೆಸರುವಾಸಿ. ದೂರವನ್ನು ನೀವು ಬದಲಿಸಲಾರಿರಿ. ಉಳಿದೆರಡನ್ನು ಬದಲಿಸಬಹುದು. ಸರಿಯಾದ ವರ್ಗ, ಸರಿಯಾದ ಫೋನ್ ನಂಬರ್, ನಿಮ್ಮದೇ ಹೊಸ ಫೋಟೋಗಳು, ಬಂದು ಹೋದವರ ವಿಮರ್ಶೆಗಳು, ಅವಕ್ಕೆ ನಿಮ್ಮ ಉತ್ತರ. ಇದಕ್ಕೆ ಯಾವ ಏಜೆನ್ಸಿಯೂ ಬೇಡ. ರಾತ್ರಿ ಊಟ ಆದ ಮೇಲೆ ಕೂತು ಮಾಡಬಹುದು. ಹೆಸರಿನ ಜಾಗದಲ್ಲಿ ಮಾತ್ರ ‘ಬೆಸ್ಟ್ ಚೀಪ್ ಹೋಂಸ್ಟೇ ಸಕಲೇಶಪುರ’ ಎಂದೆಲ್ಲ ತುರುಕಬೇಡಿ. ಬೋರ್ಡಿನಲ್ಲಿರುವ ಹೆಸರೇ ಇರಲಿ. ನಿಯಮ ಮುರಿದರೆ ಪ್ರೊಫೈಲ್ ಅಮಾನತಾಗಬಹುದು, ಅದನ್ನು ಬಿಡಿಸಿಕೊಳ್ಳುವುದು ದೊಡ್ಡ ತಲೆನೋವು.

ಪ್ರಶ್ನೆಗಳ ವಿಷಯ ನನಗೆ ಇನ್ನೂ ಇಷ್ಟದ್ದು. ಬುಕ್ ಮಾಡುವ ಮೊದಲು ಜನ ನಿಮಗೆ ಫೋನ್ ಮಾಡಿ ಏನು ಕೇಳುತ್ತಾರೆ? ಕಾರು ಬಾಗಿಲವರೆಗೂ ಬರುತ್ತಾ? ಯಾವ ಸಿಮ್‌ಗೆ ನೆಟ್‌ವರ್ಕ್ ಸಿಗುತ್ತೆ? ಕರೆಂಟ್ ಹೋದರೆ ಬ್ಯಾಕಪ್ ಇದೆಯಾ? ಡ್ರೈವರ್‌ಗೆ ಮಲಗೋಕೆ ಜಾಗ ಇದೆಯಾ? ಮಳೆಗಾಲದಲ್ಲಿ ಜಿಗಣೆ ಎಷ್ಟು? ಕಾಫಿ ಹೂವು ನೋಡೋಕೆ ಯಾವಾಗ ಬರಬೇಕು? ರೈಲಿನಲ್ಲಿ ಬಂದರೆ ಸ್ಟೇಷನ್‌ಗೆ ಗಾಡಿ ಕಳಿಸ್ತೀರಾ? ಒಂದು ವಾರ ಒಂದು ನೋಟ್‌ಬುಕ್ಕಿನಲ್ಲಿ ಇವನ್ನೆಲ್ಲ ಬರೆದಿಡಿ. ಅದೇ ಕೀವರ್ಡ್ ಪಟ್ಟಿ. ಮಂಜರಾಬಾದ್ ಕೋಟೆಯ ಇತಿಹಾಸದ ಬಗ್ಗೆ ಎಲ್ಲರೂ ಬರೆದಿದ್ದಾರೆ, ನೀವು ಇನ್ನೊಂದು ಬರೆದರೆ ಯಾರಿಗೂ ಬೇಡ. ನಿಮ್ಮ ತೋಟದಿಂದ ಬಿಸಿಲೆ ಘಾಟ್‌ಗೆ ಜುಲೈನಲ್ಲಿ ಎಷ್ಟು ಹೊತ್ತಾಗುತ್ತದೆ, ರಸ್ತೆ ಎಲ್ಲಿ ಕೆಟ್ಟಿದೆ ಎನ್ನುವುದನ್ನು ನೀವು ಮಾತ್ರ ಬರೆಯಬಲ್ಲಿರಿ.

ಮಂಗಳವಾರದ ಗಿರಾಕಿ ಸಿಗುವುದೂ ಇಲ್ಲೇ. ಲ್ಯಾಪ್‌ಟಾಪ್ ಹಿಡಿದು ಮನೆಯಿಂದ ಕೆಲಸ ಮಾಡುವವರಿಗೆ ಬೇಕಿರುವುದು ಇಂಟರ್ನೆಟ್ ವೇಗ ಮತ್ತು ಕರೆಂಟ್. ‘ಸೂಪರ್ ಫಾಸ್ಟ್ ವೈಫೈ’ ಎಂದು ಬರೆಯಬೇಡಿ. ಸ್ಪೀಡ್ ಟೆಸ್ಟಿನ ಅಂಕಿ ಹಾಕಿ. ಕಡಿಮೆ ಇದ್ದರೆ ಕಡಿಮೆ ಎಂದೇ ಹಾಕಿ, ಬಂದು ಬೈಯುವುದಕ್ಕಿಂತ ಬರದಿರುವುದೇ ವಾಸಿ. ನಿವೃತ್ತರು, ಹಕ್ಕಿ ನೋಡುವವರು ವಾರಾಂತ್ಯದ ಗಲಾಟೆಯನ್ನೇ ಬಿಟ್ಟು ಬರುತ್ತಾರೆ. ಅವರಿಗೆ ಒಂದು ಪುಟ, ವಾರದ ನಡುವಿನ ದರ ಸೇರಿಸಿ. ಕನ್ನಡದಲ್ಲೂ ಬರೆಯಿರಿ. ಕನ್ನಡದಲ್ಲಿ ಪೈಪೋಟಿ ಕಡಿಮೆ, ಮೈಸೂರು, ಹಾಸನ, ಮಂಗಳೂರಿನ ಕುಟುಂಬಗಳಿಗೆ ಓದಲು ಹಿತ. ಅದರಿಂದ ಬುಕಿಂಗ್ ಸುರಿಯುತ್ತದೆ ಎಂದು ನಾನು ಹೇಳುತ್ತಿಲ್ಲ. ಸ್ವಲ್ಪ ಬರುತ್ತದೆ, ಖರ್ಚು ಹೆಚ್ಚೇನೂ ಇಲ್ಲ.

ಇನ್ನೊಂದು ಹೊಸ ಮಾರಾಟದ ಮಾತು ನಿಮ್ಮ ಕಿವಿಗೂ ಬೀಳಬಹುದು: ‘ಎಸ್‌ಇಒ ಹಳೇದಾಯ್ತು, ಈಗ ಎಐ ಉತ್ತರದಲ್ಲಿ ನಿಮ್ಮ ಹೆಸರು ಬರಿಸ್ತೀವಿ.’ ಗೂಗಲ್‌ನ ಎಐ ಓವರ್‌ವ್ಯೂ, ಅಂದರೆ ಫಲಿತಾಂಶಗಳ ಮೇಲೆ ಎಐ ಬರೆದು ತೋರಿಸುವ ಉತ್ತರ, 2024ರ ಆಗಸ್ಟ್‌ನಲ್ಲಿ ಭಾರತಕ್ಕೆ ಬಂತು. ಉತ್ತರ ಮೇಲೆಯೇ ಸಿಕ್ಕರೆ ಕೆಲವರು ಸೈಟಿಗೆ ಬರುವುದಿಲ್ಲ, ಅದು ನಿಜ. ಆದರೆ ಅದರಲ್ಲಿ ಕಾಣಲು ಬೇರೆ ವಿಶೇಷ ತಂತ್ರ ಬೇಕಿಲ್ಲ ಎಂದು ಗೂಗಲ್ ಹೇಳಿದೆ. ಹಳೆಯ ಗ್ಯಾರಂಟಿಗೆ ಹೊಸ ಅಂಗಿ ತೊಡಿಸಿದ್ದಾರೆ, ಅಷ್ಟೇ.

ಇಲ್ಲಿಯವರೆಗೆ ಏಜೆನ್ಸಿಯವರ ಪ್ರಾಮಾಣಿಕತೆ ಮಾತಾಡಿದೆ. ಮಾಲೀಕರದ್ದೂ ಇದೆ. ನಮ್ಮ ಕೆಲಸದಲ್ಲಿ ಅರ್ಧ ಜಗಳ ಇಲ್ಲಿಂದಲೇ ಹುಟ್ಟುತ್ತದೆ. ಹಿಂದೆ ಯಾರಿಂದಲೋ ಲಿಂಕ್ ಹಾಕಿಸಿದ್ದನ್ನು ಮುಚ್ಚಿಡುತ್ತಾರೆ. ಫೋಟೋ ಕಳಿಸಿ ಎಂದರೆ ಎರಡು ತಿಂಗಳು ಕಳಿಸುವುದಿಲ್ಲ, ಮೂರನೇ ತಿಂಗಳು ‘ರಿಸಲ್ಟ್ ಎಲ್ಲಿ’ ಅಂತಾರೆ. ‘ಪಕ್ಕದವರಿಗೆ 200 ರಿವ್ಯೂ ಇದೆ, ನಮಗೂ ಒಂದಷ್ಟು ಹಾಕಿಸಿಬಿಡಿ’ ಎಂದು ಕೇಳುತ್ತಾರೆ. ನೀವು ಇದನ್ನು ಕೇಳಬೇಡಿ. ಸುಳ್ಳು ವಿಮರ್ಶೆ ಮಾತ್ರವಲ್ಲ, ‘ರಿವ್ಯೂ ಹಾಕಿದರೆ ಬಿಲ್‌ನಲ್ಲಿ ಶೇ 10 ಬಿಡ್ತೀವಿ’ ಅನ್ನುವುದೂ ಗೂಗಲ್ ನಿಯಮಕ್ಕೆ ವಿರುದ್ಧ. ಹೊರಡುವಾಗ ‘ಇಷ್ಟವಾಗಿದ್ದರೆ ಎರಡು ಸಾಲು ಬರೀರಿ’ ಎಂದು ಬಾಯಿಬಿಟ್ಟು ಕೇಳಿದರೆ ಸಾಕು. ಬಹಳಷ್ಟು ಜನ ಕೇಳುವುದೇ ಇಲ್ಲ. ಸುಳ್ಳು ವಿಮರ್ಶೆ ಹಾಕಿಕೊಡಲು ತಕ್ಷಣ ಒಪ್ಪುವ ಏಜೆನ್ಸಿ, ನಿಮಗೂ ಸುಳ್ಳು ವರದಿ ಕೊಡಲು ಹೇಸುವುದಿಲ್ಲ.

ವರದಿಯ ಮಾತು ಬಂತು. ಅವರು ಕಳಿಸುವ ಬಣ್ಣಬಣ್ಣದ ಪಿಡಿಎಫ್ ಬದಿಗಿಡಿ. ಗೂಗಲ್ ಸರ್ಚ್ ಕನ್ಸೋಲ್ ಉಚಿತ. ಯಾವ ಪದಕ್ಕೆ ನಿಮ್ಮ ಸೈಟು ಎಷ್ಟು ಸಲ ಕಂಡಿತು, ಎಷ್ಟು ಜನ ಒತ್ತಿದರು ಎಂದು ಅದೇ ಹೇಳುತ್ತದೆ. 16 ತಿಂಗಳ ಲೆಕ್ಕ ಇಟ್ಟಿರುತ್ತದೆ. ಹಾಗಾಗಿ ಹೋದ ತಿಂಗಳ ಜೊತೆ ಹೋಲಿಸಬೇಡಿ, ಹೋದ ವರ್ಷದ ಇದೇ ತಿಂಗಳ ಜೊತೆ ಹೋಲಿಸಿ. ನಿಮ್ಮದು ಸೀಸನ್ ವ್ಯವಹಾರ. ಆಗಸ್ಟ್‌ನಲ್ಲಿ ಕೆಲಸ ಶುರು ಮಾಡಿದವರು ದಸರಾ ರಜೆಯ ಹೊತ್ತಿಗೆ ‘ನೋಡಿ ಸರ್, ಟ್ರಾಫಿಕ್ ಡಬಲ್’ ಅಂತಾರೆ. ಡಬಲ್ ಮಾಡಿದ್ದು ರಜೆ. ಇದರ ಜೊತೆಗೆ ಇನ್ನೊಂದು ಸರಳ ಕೆಲಸ: ಪ್ರತಿ ಬುಕಿಂಗ್ ಬಂದಾಗ ‘ನಮ್ಮ ಬಗ್ಗೆ ಎಲ್ಲಿ ನೋಡಿದ್ರಿ’ ಎಂದು ಕೇಳಿ ರಿಜಿಸ್ಟರಿನಲ್ಲಿ ಬರೆದುಕೊಳ್ಳಿ. ಯಾವ ಸಾಫ್ಟ್‌ವೇರಿಗಿಂತ ಆ ರಿಜಿಸ್ಟರನ್ನು ನಾನು ಹೆಚ್ಚು ನಂಬುತ್ತೇನೆ.

ಹಾಗಾದರೆ ಎರಡನೆಯವರ ಜೊತೆ ಏನು ಮಾತಾಡಬೇಕು? ‘ತಿಂಗಳ ಪ್ಯಾಕೇಜ್ ಈಗ ಬೇಡ, ಮೊದಲು ಒಂದು ಸಲ ಸೈಟು ಪರಿಶೀಲಿಸಿ ವರದಿ ಕೊಡಿ, ಅದಕ್ಕೆ ಎಷ್ಟು’ ಎಂದು ಕೇಳಿ. ಪರಿಶೀಲನೆಗೆ ನೋಡುವಷ್ಟು ಮಾತ್ರ ಅನುಮತಿ ಕೊಡಿ, ಬದಲಿಸುವ ಅನುಮತಿ ಬೇಡ. ವರದಿಯಲ್ಲಿ ಯಾವುದು ಮುಖ್ಯ, ಯಾವುದು ಆಮೇಲೆ, ಪ್ರತಿಯೊಂದಕ್ಕೂ ಕಾರಣವೇನು ಎಂದು ಇರಬೇಕು. ಕಾರಣ ನಿಮಗೆ ಅರ್ಥವಾಗುವ ಭಾಷೆಯಲ್ಲಿ ಇರಬೇಕು. ‘ಅದೆಲ್ಲ ಟೆಕ್ನಿಕಲ್, ನಿಮಗೆ ಬೇಡ ಬಿಡಿ’ ಅಂದರೆ ಅಲ್ಲೇ ನಿಲ್ಲಿಸಿ. ಹಿಂದೆ ಕೆಲಸ ಮಾಡಿಕೊಟ್ಟ ಇಬ್ಬರ ನಂಬರ್ ಕೇಳಿ, ಫೋನ್ ಮಾಡಿ. ಆ ವರದಿಯಲ್ಲಿ ನೀವೇ ಮಾಡಬಹುದಾದದ್ದನ್ನು ಮಾಡಿ, ಆಗದ್ದಕ್ಕೆ ಮಾತ್ರ ಅವರನ್ನು ಇಟ್ಟುಕೊಳ್ಳಿ. ಇದಕ್ಕೆ ಒಪ್ಪಿದರೆ ಅವರೇ ಸರಿ. ‘ಆರು ತಿಂಗಳ ಒಪ್ಪಂದ ಇಲ್ಲದೆ ಏನೂ ಮಾಡಲ್ಲ’ ಅಂದರೆ ಮೂರನೆಯವರನ್ನು ಹುಡುಕಿ.

ಕೊನೆಗೆ ನೀವು ಕೊಟ್ಟ ಪಾಸ್‌ವರ್ಡ್. ಇದು ಇವತ್ತೇ ಆಗಬೇಕಾದ ಕೆಲಸ. ವೆಬ್‌ಸೈಟ್, ಹೋಸ್ಟಿಂಗ್ (ಸೈಟನ್ನು ಇಟ್ಟಿರುವ ಸೇವೆಯ ಖಾತೆ), ಅದಕ್ಕೆ ಜೋಡಿಸಿದ ಇಮೇಲ್, ಮೂರರ ಪಾಸ್‌ವರ್ಡ್ ಬದಲಿಸಿ. ವೆಬ್‌ಸೈಟಿನ ಬಳಕೆದಾರರ ಪಟ್ಟಿಯಲ್ಲಿ ಗೊತ್ತಿಲ್ಲದ ಹೆಸರಿದ್ದರೆ ತೆಗೆಯಿರಿ. ಡೊಮೇನ್ ಯಾರ ಹೆಸರಿನಲ್ಲಿ, ಯಾರ ಇಮೇಲಿನಲ್ಲಿ ಇದೆ ನೋಡಿ. ನಿಮ್ಮದಲ್ಲದಿದ್ದರೆ ಮೊದಲು ಅದನ್ನು ನಿಮ್ಮ ಹೆಸರಿಗೆ ಮಾಡಿಸಿಕೊಳ್ಳಿ. ಸರ್ಚ್ ಕನ್ಸೋಲ್ ಮತ್ತು ಬಿಸಿನೆಸ್ ಪ್ರೊಫೈಲ್‌ನಲ್ಲಿ ಮುಖ್ಯ ಮಾಲೀಕರು ನೀವೇ ಇರಬೇಕು. ಯಾರನ್ನೇ ಇಟ್ಟುಕೊಂಡರೂ ಅವರಿಗೆ ಬಿಸಿನೆಸ್ ಪ್ರೊಫೈಲ್‌ನಲ್ಲಿ ಮ್ಯಾನೇಜರ್, ಸರ್ಚ್ ಕನ್ಸೋಲ್‌ನಲ್ಲಿ ಬಳಕೆದಾರರ ಅನುಮತಿ ಸಾಕು, ಬೇಡವಾದಾಗ ತೆಗೆಯಬಹುದು. ಸರ್ಚ್ ಕನ್ಸೋಲ್‌ನಲ್ಲಿ ‘ಮ್ಯಾನುಯಲ್ ಆಕ್ಷನ್ಸ್’ ಎಂಬ ಜಾಗ ಇದೆ, ಗೂಗಲ್ ಸೈಟಿಗೆ ಶಿಕ್ಷೆ ಕೊಟ್ಟಿದ್ದರೆ ಅಲ್ಲಿ ಕಾಣುತ್ತದೆ, ಅಲ್ಲಿ ಏನೂ ಇಲ್ಲ ಎಂದು ನೋಡಿಕೊಳ್ಳಿ. ಲಿಂಕುಗಳ ವರದಿಯನ್ನೂ ಒಂದೆರಡು ತಿಂಗಳು ಗಮನಿಸುತ್ತಿರಿ.

5,000 ಮುಂಗಡವನ್ನು ಬರವಣಿಗೆಯಲ್ಲೇ ವಾಪಸ್ ಕೇಳಿ, ವಾಟ್ಸಾಪ್ ಆದರೂ ಸರಿ: ‘ಕೆಲಸ ಶುರುವಾಗಿಲ್ಲ, ಒಪ್ಪಂದ ಬೇಡ, ಯಾವ ಲಿಂಕನ್ನೂ ಹಾಕಬೇಡಿ, ಮುಂಗಡ ಹಿಂತಿರುಗಿಸಿ.’ ಆ ಮೂರನೇ ಮಾತು ಬಿಡಬೇಡಿ. ಹಣ ಬಂದರೆ ಸಂತೋಷ. ಬರದಿದ್ದರೆ, ‘ಹೇಗೂ 5,000 ಕೊಟ್ಟಾಗಿದೆಯಲ್ಲ’ ಎಂದು ಉಳಿದ 10,000 ಕೊಡಲು ಹೋಗಬೇಡಿ.